ಲಾಯದ ವಿದ್ಯೆಗೆ ವಾರಸುದಾರರು ಬೇಕು

ಪಾಲಾರ್ ಎಂದೊಡನೆ ನನ್ನ ತಲೆಮಾರಿನವರಿಗೆ ನೆನಪಾಗುವುದು 1993ರ ಏಪ್ರಿಲ್ 9ರ ನೆಲಬಾಂಬ್ ಸ್ಫೋಟ. ವೀರಪ್ಪನ್ ತಂಡದ ಆ ಕೃತ್ಯ ಈ ಗಡಿಸೀಮೆಯ ಬೇರೆಲ್ಲ ಸಂಗತಿಗಳನ್ನೂ ಮರೆಮಾಡಿಬಿಟ್ಟಿದೆ. ಇದೇ ಸೀಮೆಯಲ್ಲಿ ಹನೂರು, ರಾಮಾಪುರ ದಾಟಿ, ಕನ್ನಡ ಮಾತನಾಡುವ ಲಿಂಗಾಯತರು ದನ ಸಾಕಿಕೊಂಡಿರುವ ಬರಗೂರು ಬೆಟ್ಟವನ್ನು ಹಾದು, ತಮಿಳುನಾಡಿನ ಅಂದಿಯೂರಿಗೆ ಇಳಿಯುವ ದಾರಿಯೊಂದಿದೆ. ತಮಿಳರ ಆಡಿ ಮಾಸದಲ್ಲಿ ಅಲ್ಲಿ ಗುರುನಾಥಸ್ವಾಮಿ ಜಾತ್ರೆ. ದಕ್ಷಿಣದ ಹೆಸರಾಂತ ಕುದುರೆ ಸಂತೆಯೂ ಅದೇ. ಟಿಪ್ಪು ತನ್ನ ಸೈನ್ಯಕ್ಕೆ ಇಲ್ಲಿಂದಲೇ ಕುದುರೆ ಕೊಳ್ಳುತ್ತಿದ್ದನೆಂಬುದು ಪ್ರತೀತಿ.

ಅಲ್ಲಿ ಕಾಠಿಯಾವಾಡಿ, ಮಾರವಾಡಿ ಕುದುರೆಗಳಿಗೆ ಸುಳಿ ನೋಡಿ ಬೆಲೆ ಕಟ್ಟುವವರು ಇಂದಿಗೂ ಇದ್ದಾರೆ. ಸುಳಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಸುಳಿ ಹುಡುಕುವ ಆ ಕಣ್ಣು ಗೊರಸಿನ ಬಿರುಕನ್ನೂ ಹೆಜ್ಜೆಯ ಕುಂಟನ್ನೂ ಬಿಡುವುದಿಲ್ಲವೆಂಬುದನ್ನು ಒಪ್ಪಲೇಬೇಕು.

ಕುದುರೆ ಪಳಗಿಸುವುದೆಂದರೆ ಚಾವಟಿಯ ಕೆಲಸವೆಂದು ಪಟ್ಟಣದ ನಾವು ಭಾವಿಸಿದ್ದೇವೆ. ಬಲ್ಲವನು ಮಾಡುವುದು ಬೇರೆ. ಲಗಾಮನ್ನು ತುಸು ಬಿಗಿಹಿಡಿದು, ಕುದುರೆ ಮಣಿದ ಕ್ಷಣವೇ ಸಡಿಲಿಸುತ್ತಾನೆ. ಪಾಠವಾಗುವುದು ಆ ಸಡಿಲಿಕೆಯಿಂದ. ಒಂದು ಗಳಿಗೆ ತಡವಾದರೂ ಕುದುರೆ ತಪ್ಪು ಪಾಠ ಕಲಿಯುತ್ತದೆ. ಅದಕ್ಕೆ ಕಣ್ಣುಗಳಿರುವುದು ತಲೆಯ ಇಬ್ಬದಿಯಲ್ಲಿ. ಮೂಗಿನ ತುದಿಯ ಮುಂದಿರುವುದಾಗಲೀ ನೇರ ಬೆನ್ನ ಹಿಂದಿರುವುದಾಗಲೀ ಕಾಣದು. ಕುದುರೆಗೆ ವಾಂತಿ ಮಾಡಲೂ ಆಗದು. ಹೀಗಾಗಿ ಹೊಟ್ಟೆಶೂಲೆ ಪ್ರಾಣಕ್ಕೇ ಎರವಾಗಬಹುದು. ರಾತ್ರಿ ಲಾಯದಲ್ಲಿ ಅದು ಪಕ್ಕೆ ತಿರುಗಿ ನೋಡಿಕೊಂಡರೆ ಸಾಕು, ಅನುಭವಿಗೆ ನಿದ್ದೆ ಹಾರುತ್ತದೆ. ಶಾಲಿಹೋತ್ರನ ಹೆಸರಿನ ಸಂಸ್ಕೃತ ಪರಂಪರೆಯಷ್ಟೇ ಅಲ್ಲ, ಅಭಿನವಚಂದ್ರನ ‘ಅಶ್ವವೈದ್ಯ’ದ ಮೂಲಕ ಕನ್ನಡದಲ್ಲೂ ಈ ವಿದ್ಯೆಗೆ ಗ್ರಂಥವಿತ್ತು. ಆದರೂ ಅದರ ಬಹುಪಾಲು ಬದುಕಿರುವುದು ಸೈಸುಗಳ, ರಾವುತರ ಕೈಬೆರಳುಗಳಲ್ಲಿ.

ಆ ಕೈಗಳಿಗೆ ಈ ರಾಜ್ಯ ಕೊಟ್ಟಿರುವ ಆಸರೆ ಏನು? ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕುಣಿಗಲ್‌ನಲ್ಲಿ ಟಿಪ್ಪು ಕಾಲದ್ದೆಂದು ಹೆಸರಾದ ಅಶ್ವಪಾಲನಾ ಕೇಂದ್ರವಿದೆ. 400 ಎಕರೆಗೂ ಮಿಕ್ಕ ಸರ್ಕಾರಿ ಭೂಮಿ ಅದು. 1992ರಲ್ಲಿ 30 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಹೋಯಿತು. ಅಲ್ಲಿ ಹುಟ್ಟಿದ ಕುದುರೆಗಳು ರೇಸು ಗೆದ್ದವು. 2024ರಲ್ಲಿ ಆ ನೆಲದಲ್ಲೇ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಎದ್ದಿತು. ಸ್ಥಳೀಯರು ವಿರೋಧಿಸಿದರು. ನಾನು ಅವರ ಪಕ್ಷ. ಮನೆಗಳು ಬೇಡವೆಂದಲ್ಲ, ಮನೆಗೆ ಬೇರೆ ನೆಲ ದೊರೆತೀತು. ಮರಿಗಳು ಓಡಿ ಬೆಳೆಯಲು ಹದವಾದ ಹಳೆಯ ಹುಲ್ಲುಗಾವಲನ್ನು ಇನ್ನೊಂದು ಕಡೆ ದಿಢೀರನೆ ಬಿತ್ತಲಾಗದು.

ಸವಾರಿ ಸಿರಿವಂತರ ಶೋಕಿಯಲ್ಲವೇ ಎಂದು ಕೇಳುವವರುಂಟು. ಇಂದು ಬಹುಮಟ್ಟಿಗೆ ಹೌದು. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಅವರ ತಂದೆ ಕುದುರೆ ವೈದ್ಯರು, ಬೆನ್ನಿಗೆ ಪ್ರಾಯೋಜಕರಿದ್ದರು. ಹನೂರಿನ ಹುಡುಗಿಗೆ ಇವೆರಡೂ ಇಲ್ಲ. ಸಾರ್ವಜನಿಕ ಸವಾರಿ ಶಾಲೆ ಬೇಕಿರುವುದು ಅವಳಿಗಾಗಿ. ಇದು ಆಗದ ಮಾತೇನಲ್ಲ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ ದಸರೆಯ ಮೆರವಣಿಗೆಗಷ್ಟೇ ಸೀಮಿತವಾಗದೆ ಬೇಸಿಗೆಯಲ್ಲಿ ಮಕ್ಕಳಿಗೆ ಸವಾರಿ ಹೇಳಿಕೊಟ್ಟದ್ದುಂಟು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನ ಊರಿಗೆ ಇದು ಒಪ್ಪುವ ಕೆಲಸವೇ.

ಕುಣಿಗಲ್‌ನ ನೆಲದಲ್ಲಿ ಒಂದು ಪಾಲನ್ನಾದರೂ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಉಸ್ತುವಾರಿಗೆ ಒಪ್ಪಿಸಿ, ತಳಿ ಬೆಳೆಸುವ, ಪಳಗಿಸುವ, ಲಾಳ ಕಟ್ಟುವ ಶಿಕ್ಷಣವನ್ನು ಆರಂಭಿಸಬಹುದು. ಪದವಿಯಿಲ್ಲದ ಹಿರಿಯ ಸೈಸುಗಳನ್ನು ಅಲ್ಲಿ ಬೋಧಕರನ್ನಾಗಿ, ಬೋಧಕರ ಸಂಬಳಕ್ಕೇ, ನೇಮಿಸಿಕೊಳ್ಳಬೇಕು. ನಿರ್ಧಾರಕ್ಕೆ ಹೆಚ್ಚು ಕಾಲಾವಕಾಶವಿಲ್ಲ. ಹೆಣ್ಣುಕುದುರೆಯ ಗರ್ಭಕ್ಕೇ 11 ತಿಂಗಳು. ಹುಟ್ಟಿದ ಮರಿ ಸವಾರಿಯ ಭಾರ ಹೊರಲು ಮೂರು-ನಾಲ್ಕು ವರ್ಷ. ಕಲಿಯುವ ಮಗುವನ್ನು ನಂಬಿ ಕೂರಿಸುವಷ್ಟು ಅದು ಶಾಂತವಾಗಲು ಮತ್ತೆ ಕೆಲವು ವರ್ಷ. ಅಷ್ಟರೊಳಗೆ ಈಗಿನ ಅನೇಕ ಸೈಸುಗಳು ಕೆಲಸದಿಂದ ನಿವೃತ್ತರಾಗಿರುತ್ತಾರೆ.