ರೈತ ಸಂತೆಗೆ ಜಾಗ ಬೇಕು

ಬೆಂಗಳೂರಿನ ಬಡಾವಣೆ, ಅಪಾರ್ಟ್‌ಮೆಂಟ್‌ಗಳಲ್ಲಿ ವಾರಾಂತ್ಯದ ರೈತ ಸಂತೆಗಳು ಹೆಚ್ಚುತ್ತಿವೆ. ಬೆಳೆದವರೇ ತಕ್ಕಡಿ ಹಿಡಿದು ಮಾರುವ ಈ ವ್ಯವಸ್ಥೆ ಸ್ವಾಗತಾರ್ಹ. ಆದರೆ ಮಳಿಗೆಗೆ ದುಬಾರಿ ಬಾಡಿಗೆ ನಿಗದಿಯಾದ ಕಡೆ ಕೊನೆಗೆ ಉಳಿಯುವವರು ಪೊಟ್ಟಣ ಕಟ್ಟಿದ ಸಾವಯವ ಸರಕಿನ ವ್ಯಾಪಾರಿಗಳೇ ಹೊರತು ಹೊಸಕೋಟೆ, ದೊಡ್ಡಬಳ್ಳಾಪುರದ ಸಣ್ಣ ಹಿಡುವಳಿದಾರರಲ್ಲ. ನಸುಕಿನಲ್ಲಿ ಕಿತ್ತು ಕಟ್ಟಿದ ದಂಟು, ಸಬ್ಬಸಿಗೆ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಆಮೇಲೆ ಬಂದಷ್ಟಕ್ಕೆ ಕೊಟ್ಟು ಹೋಗಬೇಕು. ಬಾಡಿಗೆಯನ್ನೂ ವಾಹನದ ಖರ್ಚನ್ನೂ ಕಳೆದರೆ ಅವರಿಗೆ ಉಳಿಯುವುದೇನು?

1999ರಲ್ಲಿ ಆಂಧ್ರಪ್ರದೇಶವು ರೈತು ಬಜಾರ್‌, ತಮಿಳುನಾಡು ಉಳವರ್ ಸಂದೈ ಎಂಬ ರೈತ ಸಂತೆಗಳನ್ನು ಆರಂಭಿಸಿದಾಗ, ರೈತರಿಗೆ ಗುರುತಿನ ಚೀಟಿ ಕೊಟ್ಟು ದಲ್ಲಾಳಿಗಳನ್ನು ದೂರವಿಡುವ ಹೊಣೆಯನ್ನು ಸರ್ಕಾರಗಳೇ ಹೊತ್ತವು. 1959ರಲ್ಲೇ ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್ ಕಟ್ಟಿದ ಕರ್ನಾಟಕಕ್ಕೆ ಇದು ಅಸಾಧ್ಯವೇನಲ್ಲ. ಪ್ರತಿ ವಾರ್ಡ್‌ನಲ್ಲಿ ವಾರಕ್ಕೊಂದು ದಿನವಾದರೂ ಪಾಲಿಕೆಯ ಜಾಗವನ್ನು ಶುಲ್ಕವಿಲ್ಲದೆ ರೈತರಿಗೆ ಬಿಟ್ಟುಕೊಡಬೇಕು. ಪಹಣಿ ಪರಿಶೀಲಿಸಿ ಚೀಟಿ ಕೊಡುವ ಕೆಲಸ ತೋಟಗಾರಿಕೆ ಇಲಾಖೆಯದಾಗಲಿ. ಪಹಣಿಯಲ್ಲಿ ಹೆಸರಿಲ್ಲದೆ ಗುತ್ತಿಗೆ ಜಮೀನಿನಲ್ಲಿ ಬೆಳೆಯುವವರನ್ನು ಮಾತ್ರ ಕೈಬಿಡಕೂಡದು.