ಕೊಳ್ಳುವ ಮುನ್ನ: ಕೈಬದಲಾದ ಕೋವಿ

ಈ ಅಂಕಣದಲ್ಲಿ ನಾವು ಇದುವರೆಗೆ ಹಳೆಯ ಕಾರು, ಹಳೆಯ ಪಿಯಾನೋ, ಹಳೆಯ ಮನೆ ಇತ್ಯಾದಿಗಳನ್ನು ಕೊಳ್ಳುವ ಬಗೆ ಬರೆದಿದ್ದೇವೆ. ಈ ಸಲ ಸದಸ್ಯರೊಬ್ಬರ ಪತ್ರ ನಮ್ಮನ್ನು ಬೇರೊಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಶನಿವಾರಗಳಂದು ಅವರು ಸಹೋದ್ಯೋಗಿಗಳ ಜೊತೆ ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡಲು ಹೋಗುತ್ತಾರಂತೆ. ಚಳಿಗಾಲದ ಬಾತುಕೋಳಿ ಬೇಟೆಗೂ ಕರೆ ಬಂದಿದೆಯಂತೆ. “ಎಷ್ಟು ದಿನ ಎರವಲು ಕೋವಿ ಹಿಡಿಯುವುದು? 500 ಡಾಲರಿನೊಳಗೆ ಹಳೆಯದೊಂದು ಸೆಮಿ-ಆಟೊಮ್ಯಾಟಿಕ್ ಸಿಕ್ಕೀತೇ? ಯಾವುದನ್ನು ಕೊಳ್ಳಲಿ?” ಎಂದು ಕೇಳಿದ್ದಾರೆ.

ಕೋವಿಯ ಮಾತೇ ಬೇಡವೆನ್ನುವ ಮನೆಗಳು ನಮ್ಮ ಸಂಘದಲ್ಲಿ ಬಹಳ. ಅವರು ಪುಟ ತಿರುಗಿಸಬಹುದು. ಆದರೆ ಕೊನೆಯಲ್ಲಿರುವ “ಮನೆಯೊಳಗೆ” ಎಂಬ ಭಾಗವನ್ನು ಮಾತ್ರ ಮಕ್ಕಳಿರುವ ಎಲ್ಲರೂ ಓದಬೇಕೆಂದು ಕೋರುತ್ತೇವೆ.

ಮೊದಲು ಕಾಗದ

ಪತ್ರದಲ್ಲಿ ಒಂದು ವಿಷಯ ಬರೆದಿಲ್ಲ: ಅವರು ಈ ದೇಶದಲ್ಲಿ ಯಾವ ವೀಸಾದ ಮೇಲಿದ್ದಾರೆ? ಕೋವಿಯ ಕಂಪನಿಗಿಂತ ಇದು ಮುಖ್ಯ. ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಉಳ್ಳವರು ಅಂಗಡಿಯಲ್ಲಿ 4473ನೇ ನಮೂನೆ ತುಂಬಿ, ಹಿನ್ನೆಲೆ ತನಿಖೆ ಮುಗಿದ ಮೇಲೆ ಕೋವಿ ಕೊಳ್ಳಬಹುದು. ಎಚ್-1, ವಿದ್ಯಾರ್ಥಿ ಮೊದಲಾದ ತಾತ್ಕಾಲಿಕ ವೀಸಾದವರಿಗೆ ಕೊಳ್ಳುವುದೂ ಬಳಿಯಲ್ಲಿ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಂತೆ ನಿಷಿದ್ಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ಇರುವುದು ಅವುಗಳಲ್ಲಿ ಮುಖ್ಯವಾದುದು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಪ್ರವಾಸಿ ವೀಸಾದ ಮೇಲೆ ಬಂದಿರುವ ತಂದೆ-ತಾಯಿಗಳಿಗೂ ಈ ನಿಯಮ ಅನ್ವಯಿಸುತ್ತದೆ. ಇಲ್ಲಿ ತಪ್ಪಿದರೆ ಹೋಗುವುದು ಬರೀ ದಂಡದ ಹಣವಲ್ಲ, ಈ ದೇಶದಲ್ಲಿ ಉಳಿಯುವ ಅವಕಾಶವೇ ಹೋದೀತು. ಸಂಶಯವಿದ್ದವರು ಅಂಗಡಿಗೆ ಹೋಗುವ ಮೊದಲು ವಕೀಲರ ಬಳಿ ಹೋಗುವುದು ಲೇಸು.

ರಾಜ್ಯಗಳ ಕಾನೂನು ಇದರ ಮೇಲೆ ಬೇರೆ. ಇಲಿನಾಯ್‌ನಲ್ಲಿ, ನ್ಯೂಜೆರ್ಸಿಯಲ್ಲಿ ಮೊದಲೇ ಗುರುತಿನ ಚೀಟಿ ಪಡೆಯಬೇಕು. ಬೇರೆ ರಾಜ್ಯದ ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕವೇ ಕೈಬದಲಾಗಬೇಕು. ಸೀರಿಯಲ್ ನಂಬರನ್ನು ಉಜ್ಜಿ ಅಳಿಸಿದ ಕೋವಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ನಮ್ಮ ಕೊಡಗಿನ ಸದಸ್ಯರಿಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದಿನಂದು ತೋಕ್ ಪೂ ಮುಡಿಸಿ ಪೂಜಿಸಿದ ಕೋವಿಯನ್ನು ನೋಡುತ್ತ ಬೆಳೆದವರು ಅವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಭಾರತದ ಆಯುಧ ಕಾಯಿದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆ. ಆದರೆ ಆ ವಿನಾಯಿತಿ ಕಡಲು ದಾಟುವುದಿಲ್ಲ. ಇಲ್ಲಿ ಕೊಂಡ ಕೋವಿಯನ್ನು ಊರಿಗೆ ಒಯ್ಯಬಹುದೆಂಬ ಲೆಕ್ಕವನ್ನೂ ಹಾಕಬಾರದು. ಎರಡೂ ಸರ್ಕಾರಗಳ ಅನುಮತಿಯಿಲ್ಲದೆ ಅದು ಆಗದ ಮಾತು.

ಮೂರು ಬಗೆಯ ಯಂತ್ರ

ಊರಿನ ಜೋಡುನಳಿಗೆ ಕೋವಿಯಲ್ಲಿ ಈಡು ಹೊಡೆದ ಮೇಲೆ ನಾವೇ ಮುರಿದು ತೋಟಾ ತುಂಬಬೇಕು. ಸೆಮಿ-ಆಟೊಮ್ಯಾಟಿಕ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ: ಖಾಲಿ ತೋಟಾ ಹೊರಗೆ, ಹೊಸತು ಒಳಗೆ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು. ತಾನೇ ಕೆಲಸ ಮಾಡುವ ಯಂತ್ರ ತಾನೇ ಸವೆಯುತ್ತದೆ ಕೂಡ. ಆದ್ದರಿಂದ ಹಳೆಯದನ್ನು ಕೊಳ್ಳುವವರು ನೋಡಬೇಕಾದ್ದು ಹೆಸರಿಗಿಂತ ಸವೆತವನ್ನು. ಕೆಲಸದ ಬಗೆ ತಿಳಿದರೆ ಸವೆತ ಎಲ್ಲಿರುತ್ತದೆಂದು ತಿಳಿಯುತ್ತದೆ.

ಮೊದಲನೆಯದು ನಳಿಗೆಯೇ ಹಿಂದಕ್ಕೆ ಸರಿಯುವ ಬಗೆ. ಜಾನ್ ಬ್ರೌನಿಂಗ್ ಇದಕ್ಕೆ 1900ರಲ್ಲಿ ಪೇಟೆಂಟ್ ಪಡೆದರು. ವಿಂಚೆಸ್ಟರ್ ಕಂಪನಿ ಅವರ ಷರತ್ತಿಗೆ ಒಪ್ಪಲಿಲ್ಲ. ರೆಮಿಂಗ್ಟನ್ ಅಧ್ಯಕ್ಷರನ್ನು ಕಾಣಲು ಹೋಗಿ ಕಾದು ಕುಳಿತಿದ್ದಾಗ ಆ ಅಧ್ಯಕ್ಷರೇ ತೀರಿಕೊಂಡರು. ಕಡೆಗೆ ಬ್ರೌನಿಂಗ್ ಬೆಲ್ಜಿಯಮ್ಮಿಗೆ ಹೋಗಿ ತಯಾರಿಸಿದರು. ಅದೇ ಆಟೊ-5, ಹಿಂಬದಿ ಗೂನಿನಂತೆ ಚೌಕಾಗಿರುವ ಕೋವಿ. ಮುಂದೆ ಜಪಾನಿನಲ್ಲೂ ತಯಾರಾಗಿ 1998ರವರೆಗೆ ನಡೆಯಿತು. ಇದರ ಒಳಗೆ ಘರ್ಷಣೆಯ ಉಂಗುರಗಳಿವೆ. ಹಗುರ ತೋಟಾಕ್ಕೆ ಒಂದು ಜೋಡಣೆ, ಭಾರದ ತೋಟಾಕ್ಕೆ ಇನ್ನೊಂದು. ಇದನ್ನರಿಯದ ಹಿಂದಿನ ಮಾಲೀಕ ಹಗುರದ ಜೋಡಣೆಯಲ್ಲಿ ಭಾರದ ತೋಟಾ ಹೊಡೆದಿದ್ದರೆ ಮುಂಗೈ ಹಿಡಿಯುವ ಮರ ಬಿರಿದಿರುತ್ತದೆ. ಹಳೆಯ 16 ಗೇಜಿನ ಕೆಲವಲ್ಲಿ ತೋಟಾ ಕೂರುವ ಕೋಣೆ ಈಗಿನ ತೋಟಾಕ್ಕಿಂತ ಗಿಡ್ಡ ಎಂಬುದೂ ನೆನಪಿರಲಿ.

ಎರಡನೆಯದು ಗ್ಯಾಸಿನದು. ಮದ್ದು ಉರಿದ ಹೊಗೆಯನ್ನು ನಳಿಗೆಯ ಸಣ್ಣ ತೂತುಗಳಿಂದ ಇಳಿಸಿ ಅದರ ಒತ್ತಡದಿಂದ ಯಂತ್ರ ನಡೆಸುತ್ತದೆ. ಭುಜಕ್ಕೆ ಬೀಳುವ ಪೆಟ್ಟು ಮೆತ್ತಗೆ. ಒಳಗೆ ಮಸಿ ಹೆಚ್ಚು. 1963ರಲ್ಲಿ ಬಂದ ರೆಮಿಂಗ್ಟನ್ 1100 ಇದರಲ್ಲಿ ಬಹಳ ಹೆಸರು ಮಾಡಿತು, ನಲವತ್ತು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಆ ಕಂಪನಿ 2020ರಲ್ಲಿ ದಿವಾಳಿಯಾಗಿ ಭಾಗಭಾಗವಾಗಿ ಮಾರಾಟವಾಯಿತು. ಆದರೂ ಇಷ್ಟೊಂದು ಕೋವಿಗಳು ಜನರ ಕೈಯಲ್ಲಿರುವುದರಿಂದ ಬಿಡಿಭಾಗಕ್ಕೂ ರಿಪೇರಿ ಬಲ್ಲವರಿಗೂ ಬರವಿಲ್ಲ. ಇಟಲಿಯ ಬೆರೆಟ್ಟಾ 390 ಕೂಡ ಇದೇ ಬಗೆಯದು, ಒಳ್ಳೆಯದು. ಬೆಲೆ ಮಾತ್ರ ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲೆ.

ಮೂರನೆಯದು ಜಡತ್ವದ ಬಗೆ. ಪೆಟ್ಟಿಗೆ ಕೋವಿ ಹಿಂದಕ್ಕೆ ಸರಿದಾಗ ಒಳಗಿನ ಭಾರದ ತುಂಡು ನಿಂತಲ್ಲೇ ನಿಂತು ಸ್ಪ್ರಿಂಗನ್ನು ಒತ್ತುತ್ತದೆ. ಆ ಸ್ಪ್ರಿಂಗ್ ಉಳಿದ ಕೆಲಸ ಮಾಡುತ್ತದೆ. ಬೆನೆಲ್ಲಿ ಇದಕ್ಕೆ ಹೆಸರಾದುದು. ತುರ್ಕಿಯಲ್ಲಿ ತಯಾರಾಗುವ ಸ್ಟೋಗರ್ ಇದೇ ತತ್ವದ್ದು, ಅಗ್ಗದ್ದು. ಮಸಿ ಕಡಿಮೆ, ತೊಳೆಯುವುದು ಸುಲಭ. ಭುಜಕ್ಕೆ ಪೆಟ್ಟು ಜಾಸ್ತಿ. ತೀರ ಹಗುರ ತೋಟಾ ಹಾಕಿದರೆ ಕೆಲವೊಮ್ಮೆ ಮುಷ್ಕರ ಹೂಡುತ್ತದೆ.

ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ವಿಂಚೆಸ್ಟರ್ 1911 ಎಂಬುದೂ ಅಪರೂಪಕ್ಕೆ ಕಾಣಬಹುದು. ಬ್ರೌನಿಂಗ್ ಅವರ ಪೇಟೆಂಟ್ ತಪ್ಪಿಸಲು ಅದಕ್ಕೆ ಎಳೆಯುವ ಹಿಡಿಯನ್ನೇ ಇಡದೆ, ನಳಿಗೆಯನ್ನೇ ಹಿಡಿದು ಹಿಂದಕ್ಕೆ ಒತ್ತುವಂತೆ ಮಾಡಿದ್ದರು. ಕೋವಿಯ ಬುಡವನ್ನು ನೆಲಕ್ಕೂರಿ, ಬಾಯನ್ನು ತಮ್ಮ ಕಡೆಗೆ ಮಾಡಿಕೊಂಡು ಒತ್ತಿದವರು ಪ್ರಾಣ ಕಳೆದುಕೊಂಡದ್ದರಿಂದ ಅದಕ್ಕೆ “ಹೆಂಡತಿಯನ್ನು ವಿಧವೆ ಮಾಡುವುದು” ಎಂಬ ಅಡ್ಡಹೆಸರು ಬಂತು. ಗೋಡೆಗೆ ತೂಗುಹಾಕಲೂ ಕೊಳ್ಳಬೇಡಿ.

ಕೈಯಲ್ಲಿ ಹಿಡಿದ ಮೇಲೆ

ಅಂಗಡಿಯವನು “ಖಾಲಿಯಿದೆ” ಎಂದರೂ ಬೋಲ್ಟನ್ನು ಹಿಂದಕ್ಕೆಳೆದು ಕೋಣೆಯನ್ನೂ, ಕೆಳಗಿನ ಮ್ಯಾಗಝೀನನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಬಾಯಿ ಯಾರ ಕಡೆಗೂ ತಿರುಗದಿರಲಿ. ಆಮೇಲೆ ಈ ಕ್ರಮದಲ್ಲಿ ಪರೀಕ್ಷಿಸಿ:

1. ನಳಿಗೆಯನ್ನು ಕಳಚಿ ಬೆಳಕಿಗೆ ಹಿಡಿಯಿರಿ. ಒಳಗೆ ಹೊಳಪು ಸಮನಾಗಿರಬೇಕು. ನಡುವೆ ಕರಿಯ ಉಂಗುರದಂತೆ ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ.

2. ಮುಂಭಾಗದ ಮರವನ್ನು ಬಿಚ್ಚಿಸಿ. ಮಾರುವವರು ಒರೆಸುವುದು ಹೊರಗಿನದನ್ನು. ತುಕ್ಕು, ಮಸಿ, ಬಿರುಕು ಇರುವುದು ಇದರ ಕೆಳಗೆ. 1100ರಲ್ಲಿ ಒಂದು ಸಣ್ಣ ರಬ್ಬರ್ ಉಂಗುರವಿದೆ. ಅದು ಹರಿದರೆ ಕೋವಿ ತಡವರಿಸುತ್ತದೆ. ಕೆಲವು ಡಾಲರಿನ ಈ ಉಂಗುರ ಸವೆದದ್ದಕ್ಕೆ “ಕೆಟ್ಟ ಕೋವಿ” ಎಂದು ಅಗ್ಗಕ್ಕೆ ಮಾರಿಬಿಡುವವರುಂಟು. ಅರಿತವರಿಗೆ ಅದೇ ಲಾಭ.

3. 1100, ಆಟೊ-5 ಮುಂತಾದವುಗಳಲ್ಲಿ ಒಂದು ಸ್ಪ್ರಿಂಗ್ ಭುಜಕ್ಕೆ ಇಡುವ ಮರದೊಳಗಿದೆ. ಬಾತುಕೋಳಿಯ ಕೆರೆಗಳಲ್ಲಿ ನೆನೆದ ಕೋವಿಯಾದರೆ ಅಲ್ಲಿ ನೀರಿಳಿದು ತುಕ್ಕು ಹಿಡಿದಿರುತ್ತದೆ. ಬೋಲ್ಟನ್ನು ಮೆಲ್ಲಗೆ ಎಳೆದು ಬಿಟ್ಟಾಗ ಅದು ಒರಟಾಗಿ, ತಡೆತಡೆದು ಮರಳಿದರೆ ಇದೇ ಕಾರಣವಿರಬಹುದು.

4. ಮಾಲೀಕರ ಒಪ್ಪಿಗೆ ಪಡೆದು, ಹುಸಿ ತೋಟಾ ಹಾಕಿ ಸೇಫ್ಟಿಯನ್ನು ಪರೀಕ್ಷಿಸಿ. ಸೇಫ್ಟಿ ಹಾಕಿದಾಗ ಟ್ರಿಗರ್ ಎಷ್ಟು ಎಳೆದರೂ ಕ್ಲಿಕ್ ಎನ್ನಬಾರದು.

5. ನಳಿಗೆಯ ಮೇಲೆ ಕೆತ್ತಿದ ಅಳತೆ ಓದಿ. ಎರಡೂಮುಕ್ಕಾಲು ಇಂಚಿನ ಕೋಣೆಗೆ ಮೂರು ಇಂಚಿನ ತೋಟಾ ಹಾಕಕೂಡದು. 12 ಗೇಜಿನ 1100ರಲ್ಲಿ ಸೀರಿಯಲ್ ನಂಬರಿನ ಕೊನೆಗೆ ವಿ ಅಕ್ಷರವಿದ್ದರೆ ಸಾಧಾರಣದ್ದು, ಎಂ ಇದ್ದರೆ ಮ್ಯಾಗ್ನಮ್. ಮ್ಯಾಗ್ನಮ್ ಹೆಚ್ಚಿನದೆಂದು ಹಿಗ್ಗಬೇಡಿ. ಬಿಲ್ಲೆಗೆ ಹೊಡೆಯುವ ಹಗುರ ತೋಟಾಗಳಲ್ಲಿ ಅದು ಸಲೀಸಾಗಿ ನಡೆಯುವುದಿಲ್ಲ.

6. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ ಕಣ್ಣು ತೆರೆಯಿರಿ. ನೋಟ ನೇರ ನಳಿಗೆಯ ತುದಿಯ ಮಣಿಗೆ ಹೋಗಬೇಕು. ಅಂಗಿಯಂತೆ ಕೋವಿಗೂ ಅಳತೆಯುಂಟು. ನಮ್ಮವರಲ್ಲಿ ಅನೇಕರಿಗೆ ಇಲ್ಲಿಯ ಮರ ಉದ್ದವಾಗುತ್ತದೆ. ಬಡಗಿಯಿಂದಲ್ಲ, ಕೋವಿ ರಿಪೇರಿಯವರಿಂದ ಕತ್ತರಿಸಿಕೊಳ್ಳಬೇಕು.

7. ಸಾಧ್ಯವಾದರೆ ಒಂದು ಪೆಟ್ಟಿಗೆ, ಅಂದರೆ 25 ತೋಟಾ, ಹೊಡೆದು ನೋಡಿದ ಮೇಲೆಯೇ ಹಣ ಕೊಡಿ. ಒಂದೆರಡು ಈಡು ಎಂಥ ಕೋವಿಯೂ ಹೊಡೆಯುತ್ತದೆ.

ನಮ್ಮ ಸದಸ್ಯರಿಗೆ ಬಾತುಕೋಳಿಯ ಆಸೆಯೂ ಇರುವುದರಿಂದ ಇನ್ನೆರಡು ಮಾತು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆ 1991ರಿಂದ ದೇಶಾದ್ಯಂತ ನಿಷಿದ್ಧ. ಉಕ್ಕಿನಂಥ ವಿಷವಿಲ್ಲದ ಚರೆ ಬೇಕು. ಬೆಲ್ಜಿಯಮ್ಮಿನ ಹಳೆಯ ಆಟೊ-5 ನಳಿಗೆಗೆ ಉಕ್ಕಿನ ಚರೆ ಹಾಕಬಾರದೆಂದು ಬ್ರೌನಿಂಗ್ ಕಂಪನಿಯೇ ಹೇಳುತ್ತದೆ. ಚಂದದ ಹಳೆಯ ಕೋವಿ ಬಾತಿಗೆ ನಿರುಪಯೋಗಿ ಆಗುವುದು ಹೀಗೆ. ವಲಸೆ ಹಕ್ಕಿಗೆ ಹೋದಾಗ ಕೋವಿಯಲ್ಲಿ ಒಟ್ಟು ಮೂರು ತೋಟಾಕ್ಕಿಂತ ಹೆಚ್ಚು ಹಿಡಿಯದಂತೆ ಮ್ಯಾಗಝೀನಿಗೆ ಕಡ್ಡಿಯೊಂದನ್ನು ತುರುಕಿರಬೇಕು. ಹಳೆಯ ಕೋವಿಯಲ್ಲಿ ಅದು ಕಳೆದುಹೋಗಿರುವುದುಂಟು, ಕೇಳಿ ನೋಡಿ.

ಲೆಕ್ಕ

500 ಡಾಲರನ್ನೂ ಕೋವಿಗೇ ಸುರಿಯಬೇಡಿ. 400ಕ್ಕೆ ನಿಲ್ಲಿಸಿ, ಉಳಿದದ್ದು ಬೀಗದ ಉಕ್ಕಿನ ಪೆಟ್ಟಿಗೆಗೆ, ಕಿವಿಗೆ, ಕಣ್ಣಿಗೆ. ಇದಾದ ಮೇಲೂ ಖರ್ಚಿದೆ. ಬಿಲ್ಲೆಯಾಟದ ಒಂದು ಸುತ್ತಿಗೆ ಒಂದು ಪೆಟ್ಟಿಗೆ ತೋಟಾ. ಶನಿವಾರಕ್ಕೆ ಎರಡು ಸುತ್ತೆಂದರೆ ವರ್ಷಕ್ಕೆ ನೂರು ಪೆಟ್ಟಿಗೆ. ಎಮ್ಮೆಯ ಬೆಲೆಗಿಂತ ಹಿಂಡಿಯ ಬೆಲೆ ಹೆಚ್ಚಾಯಿತು ಎನ್ನುವಂತೆ, ಮೊದಲ ವರ್ಷದಲ್ಲೇ ತೋಟಾದ ಖರ್ಚು ಕೋವಿಯ ಬೆಲೆಯನ್ನು ದಾಟುತ್ತದೆ. ಆದ್ದರಿಂದ ಎಲ್ಲೆಡೆ ಸಿಗುವ, ಅಗ್ಗದ 12 ಗೇಜನ್ನೇ ನೋಡಿ. ನಮ್ಮ ಸಲಹೆ ಕೇಳಿದರೆ, 1100ರ ಸಾಧಾರಣ ಮಾದರಿ; ಅದೂ ಚೋಕನ್ನು ತಿರುಗಿಸಿ ಬದಲಿಸಬಹುದಾದ ನಳಿಗೆಯದು ಸಿಕ್ಕರೆ ಬಿಲ್ಲೆಗೂ ಆಯಿತು, ಬಾತಿಗೂ ಆಯಿತು. ಮರದ ಮೇಲೆ ಗೀರುಗಳಿದ್ದರೆ ಸಂತೋಷಪಡಿ. ಬೆಲೆ ಇಳಿಸುವುದು ಅವೇ, ಗುರಿ ತಪ್ಪಿಸುವುದಿಲ್ಲ.

ಮನೆಯೊಳಗೆ

ಕೋವಿ ಖಾಲಿಯಾಗಿ, ಬೀಗದೊಳಗೆ. ತೋಟಾ ಬೇರೆ ಕಡೆ, ಬೇರೆ ಬೀಗದೊಳಗೆ. ಬೀಗದ ಕೈ ಅಡುಗೆಮನೆಯ ಡಬ್ಬದಲ್ಲಿ ಬೇಡ. ಮಕ್ಕಳಿಗೆ ಗೊತ್ತಿಲ್ಲದ ಡಬ್ಬ ಯಾವ ಮನೆಯಲ್ಲೂ ಇಲ್ಲ. ಮನೆಯಲ್ಲಿ 12 ಮತ್ತು 20 ಗೇಜಿನ ಕೋವಿಗಳೆರಡೂ ಇದ್ದರೆ ತೋಟಾಗಳನ್ನು ಒಂದೇ ಜೇಬಿಗೆ ಹಾಕಲೇಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12ರದನ್ನು ಹಾಕಿ ಹೊಡೆದರೆ ನಳಿಗೆಯೇ ಒಡೆಯುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಬಳಿಯುವುದು ಈ ಅಪಾಯಕ್ಕಾಗಿಯೇ.

ಕೋವಿ ಬೇಡವೆನ್ನುವ ಸದಸ್ಯರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿಲ್ಲದಿದ್ದರೂ ನಿಮ್ಮ ಮಗು ಆಡಲು ಹೋಗುವ ಮನೆಯಲ್ಲಿ ಇರಬಹುದು. “ನಿಮ್ಮಲ್ಲಿ ನಾಯಿ ಇದೆಯೇ?” ಎಂದು ಕೇಳುವಷ್ಟೇ ಸಹಜವಾಗಿ “ಕೋವಿ ಇದೆಯೇ, ಬೀಗ ಹಾಕಿದೆಯೇ?” ಎಂದು ಕೇಳಿ. ಈ ದೇಶದಲ್ಲಿ ಹಾಗೆ ಕೇಳುವುದು ಅಮರ್ಯಾದೆಯಲ್ಲ. ಕಂಡರೆ ಮುಟ್ಟದೆ ದೊಡ್ಡವರನ್ನು ಕರೆಯಬೇಕೆಂದು ಮಕ್ಕಳಿಗೂ ಹೇಳಿಕೊಡಿ.

ಕೋವಿ ಕೊಂಡ ಮೇಲೆ ಎಷ್ಟು ಬಿಲ್ಲೆ ಒಡೆದಿರೆಂದು ತಿಳಿಸಿ. ಎಷ್ಟು ತಪ್ಪಿತೆಂದು ನಾವು ಕೇಳುವುದಿಲ್ಲ.