ಬೆರಳಚ್ಚಿನಲ್ಲಿ ಮಗುವಿನ 'ಟ್ಯಾಲೆಂಟ್' ಕಾಣುತ್ತದೆಯೇ? ಆ ಪದದ ಅರ್ಥವೇನು, ವಿಜ್ಞಾನ ಏನು ಹೇಳುತ್ತದೆ?

ಮಗುವಿನ ಹುಟ್ಟು ಟ್ಯಾಲೆಂಟ್ ಅದರ ಬೆರಳಚ್ಚಿನಲ್ಲೇ ಇದೆ, ಒಂದು ಸ್ಕ್ಯಾನ್ ಮಾಡಿಸಿದರೆ ಮುಂದೆ ಏನಾಗುತ್ತದೆ ಎಂದು ತಿಳಿಯುತ್ತದೆ ಎನ್ನುವ ಸಂದೇಶಗಳು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. 'ಡಿಎಂಐಟಿ' ಎಂಬ ಹೆಸರಿನಲ್ಲಿ ಹಣ ಪಡೆದು ಈ ಪರೀಕ್ಷೆ ಮಾಡುವವರೂ ಇದ್ದಾರೆ. ಇದು ನಿಜವೇ? ಮೊದಲು ಪದದ ಅರ್ಥ ನೋಡೋಣ.

ಪದ ಎಲ್ಲಿಂದ ಬಂತು?

ಗ್ರೀಕ್ ಭಾಷೆಯ 'ತಲಾಂತೋನ್' ಎಂದರೆ ತಕ್ಕಡಿ, ತೂಕ. ಮುಂದೆ ಅದು ಅಷ್ಟು ತೂಕದ ಬೆಳ್ಳಿ-ಬಂಗಾರಕ್ಕೆ, ಅಂದರೆ ದೊಡ್ಡ ಮೊತ್ತದ ಹಣಕ್ಕೆ ಹೆಸರಾಯಿತು. ಬೈಬಲ್‌ನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯಜಮಾನನೊಬ್ಬ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸಿ ಊರಿಗೆ ಹೋಗುತ್ತಾನೆ. ಇಬ್ಬರು ಅದನ್ನು ದುಡಿಸಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ಮಣ್ಣಿನಲ್ಲಿ ಹೂತಿಟ್ಟು ಬೈಸಿಕೊಳ್ಳುತ್ತಾನೆ. 'ದೇವರು ಕೊಟ್ಟ ಸಾಮರ್ಥ್ಯ' ಎಂಬ ಇಂದಿನ ಅರ್ಥ ಬೆಳೆದದ್ದು ಈ ಕಥೆಯಿಂದ. ಗಮನಿಸಿ, ಕಥೆಯಲ್ಲೂ ಮೆಚ್ಚುಗೆ ಸಿಕ್ಕಿದ್ದು ಪಡೆದವನಿಗಲ್ಲ, ದುಡಿಸಿದವನಿಗೆ.

ನಾವು ಹೇಗೆ ಬಳಸುತ್ತೇವೆ?

ಟ್ಯಾಲೆಂಟ್ ಎಂದರೆ ಪ್ರತಿಭೆ, ಬೇಗ ಕಲಿಯುವ ಸಹಜ ಒಲವು. ಸ್ಕಿಲ್ ಎಂದರೆ ಕೌಶಲ, ಕಲಿತು ಪಡೆದದ್ದು. ಮಾತಿನಲ್ಲಿ ಇವೆರಡೂ ಕಲಸಿಹೋಗಿವೆ. ಎಸ್ಸೆಸ್ಸೆಲ್ಸಿಯಲ್ಲಿ ಓದಿ ಅಂಕ ತೆಗೆದವರಿಗೂ ನಾವು ಕೊಡುವುದು 'ಪ್ರತಿಭಾ ಪುರಸ್ಕಾರ'!

ವಿಜ್ಞಾನ ಏನು ಹೇಳುತ್ತದೆ?

ಚರ್ಮ ಮತ್ತು ಮಿದುಳು ಭ್ರೂಣದ ಒಂದೇ ಪದರದಿಂದ ಬೆಳೆಯುತ್ತವೆ ಎಂಬುದು ಡಿಎಂಐಟಿಯವರ ವಾದ. ಅದು ನಿಜ. ಆದರೆ ಉಗುರು, ಕೂದಲು ಬೆಳೆಯುವುದೂ ಅದೇ ಪದರದಿಂದ. ಉಗುರು ನೋಡಿ ಗಣಿತ ಬರುತ್ತದೆಯೇ ಎಂದು ಯಾರೂ ಹೇಳುವುದಿಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ ಸ್ಪಷ್ಟವಾಗಿ ಹೇಳಿದೆ.

ಹುಟ್ಟಿನಿಂದಲೇ ಬರಬೇಕು ಎಂದು ನಂಬಿದ್ದ ಕೆಲವು ಸಾಮರ್ಥ್ಯಗಳೂ ಕಲಿಕೆಯಿಂದ ಬರುತ್ತವೆ. ಯಾವ ಆಸರೆಯೂ ಇಲ್ಲದೆ, ಕೇಳಿದೊಡನೆ ಸ್ವರ ಗುರುತಿಸುವ ಶಕ್ತಿ ಬಹಳ ಅಪರೂಪ. 2014ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 2ರಿಂದ 6 ವರ್ಷದ 24 ಮಕ್ಕಳಿಗೆ ತರಬೇತಿ ಕೊಡಲಾಯಿತು. ಪೂರ್ತಿ ಮುಗಿಸಿದ 22 ಮಕ್ಕಳಿಗೂ ಅದು ಒಲಿಯಿತು.

ಹಾಗಾದರೆ ಎಲ್ಲವೂ ಅಭ್ಯಾಸವೇ? ಅದೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಜನರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದದ್ದು ಸಂಗೀತದಲ್ಲಿ ಶೇ. 21, ಕ್ರೀಡೆಯಲ್ಲಿ ಶೇ. 18. ವಂಶವಾಹಿ, ಕಲಿಕೆ ಶುರುವಾದ ವಯಸ್ಸು, ಗುರು, ಅವಕಾಶ ಇವುಗಳಿಗೂ ಪಾಲಿರಬಹುದು.

ಕೊನೆಯ ಮಾತು

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎನ್ನುವ ನಮ್ಮ ಹಿರಿಯರೇ 'ಹಾಡ್ತಾ ಹಾಡ್ತಾ ರಾಗ' ಎಂದೂ ಹೇಳಿದ್ದಾರೆ. ಎರಡರಲ್ಲೂ ಸತ್ಯವಿದೆ. ಆದರೆ ಮೊಳಕೆಯನ್ನು ಸ್ಕ್ಯಾನರ್ ಓದಲಾರದು. 'ಸಂಗೀತ ಇವಳಿಗಲ್ಲ' ಎಂದು ಒಂದು ವರದಿ ಹೇಳಿದರೆ, ಹಾಡಲು ಶುರು ಮಾಡುವ ಮೊದಲೇ ಮಗು ಹಾಡುವುದನ್ನು ಬಿಡಬಹುದು. ಆ ಹಣದಲ್ಲಿ ಒಂದು ಚೆಂಡು, ಬಣ್ಣದ ಪೆಟ್ಟಿಗೆ, ನಾಲ್ಕು ಕಥೆ ಪುಸ್ತಕ ಕೊಡಿಸಿ. ಒಲವು ತಾನಾಗಿ ಕಾಣುತ್ತದೆ. ಆ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಂಚಿಕೊಳ್ಳಿ.